ಧ್ವಜ ಏರುವ ಮೊದಲೇ ನೆಲಕ್ಕೆ ಬೀಳುವ ಮಕ್ಕಳು

ಆಗಸ್ಟ್ ಹದಿನೈದಿರಲಿ, ಜನವರಿ ಇಪ್ಪತ್ತಾರಿರಲಿ, ಪಾವಗಡದಿಂದ ತಿಪಟೂರಿನವರೆಗೆ ತುಮಕೂರು ಜಿಲ್ಲೆಯ ಹೈಸ್ಕೂಲು ಮೈದಾನಗಳಿಗೆ ಈ ನೋಟ ಹೊಸದಲ್ಲ. ಏಳೂವರೆಗೇ ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಒಂಬತ್ತಾದರೂ ಅತಿಥಿಗಳ ಕಾರಿನ ಸುಳಿವಿಲ್ಲ. ಬಂದ ಮೇಲೆ ಹಾರ, ತುರಾಯಿ, ಸ್ವಾಗತ ಭಾಷಣ. ಅಷ್ಟರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ದೊಪ್ಪನೆ ಬೀಳುತ್ತಾಳೆ. ಡ್ರಿಲ್ ಮೇಷ್ಟ್ರು ಓಡಿ ಬರುತ್ತಾರೆ, ಯಾರೋ ಕೈಗೆ ಬೀಗದಕೈ ಗೊಂಚಲು ತುರುಕುತ್ತಾರೆ, ಇನ್ಯಾರೋ ಎಬ್ಬಿಸಿ ಕೂರಿಸುತ್ತಾರೆ. 'ಏನಿಲ್ಲ ಬಿಡ್ರೀ, ತಲೆಸುತ್ತು' ಅನ್ನುವಲ್ಲಿಗೆ ವಿಚಾರಣೆ ಮುಗೀತು. ಸಂಜೆ ಮನೆಯಲ್ಲಿ ದೃಷ್ಟಿ ತೆಗೆದರೆ ಕೇಸೇ ಕ್ಲೋಸು.

ಕಬ್ಬಿಣ ಬೇಕಾಗಿರುವುದು ನಿಜ. ಆದರೆ ಅಂಗೈಗಲ್ಲ, ರಕ್ತಕ್ಕೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಹುಡುಗರೇನು ಪೈಲ್ವಾನರಲ್ಲ, ಅವರಲ್ಲೂ ನೂರಕ್ಕೆ 31. ಅದಕ್ಕೂ ಹಿಂದಿನ, 2015-16ರ ಸಮೀಕ್ಷೆಯಲ್ಲಿ ಹುಡುಗಿಯರ ಲೆಕ್ಕ 54 ಇತ್ತು. ಅಂದರೆ ಯೋಜನೆಗಳ ಜೊತೆಗೆ ಕಾಯಿಲೆಯೂ ಏರಿದೆ! ಎತ್ತರ ಬೆಳೆಯುವ ಕಾಲ, ತಿಂಗಳು ತಿಂಗಳು ರಕ್ತ ಹೋಗುವ ಕಾಲ. ತಟ್ಟೆಗೆ ಬೀಳುವುದು ಮಾತ್ರ ಅದೇ ಅನ್ನ, ತಿಳಿಸಾರು. ಮೇಲೆ ಒಂದು ಲೋಟ ಟೀ. ಊಟದ ಬೆನ್ನಿಗೇ ಕುಡಿದ ಟೀ, ಸೊಪ್ಪು ಕಾಳಿನಲ್ಲಿರುವ ಅಷ್ಟಿಷ್ಟು ಕಬ್ಬಿಣವನ್ನೂ ದೇಹಕ್ಕೆ ದಕ್ಕಗೊಡುವುದಿಲ್ಲ.

ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡಬೇಕೆಂಬ ನಿಯಮವಿದೆ, 60 ಮಿಲಿಗ್ರಾಂ ಕಬ್ಬಿಣದ್ದು. ಊಟವಾದ ಮೇಲೆ, ಮೇಷ್ಟ್ರ ಕಣ್ಣೆದುರೇ ನುಂಗಿಸಬೇಕು. ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ ಬರುತ್ತದೆ. ಒಬ್ಬಳು ವಾಂತಿ ಮಾಡಿದಳೆಂದರೆ ಇಡೀ ಕ್ಲಾಸಿನ ಮಾತ್ರೆ ಕಾಂಪೌಂಡಿನಾಚೆ ಹೋಗಿ ಬೀಳುತ್ತದೆ. ರಿಜಿಸ್ಟರಿನಲ್ಲಿ ಮಾತ್ರ ಎಲ್ಲರೂ ನುಂಗಿರುತ್ತಾರೆ.

ರಕ್ತಹೀನತೆ ಇದ್ದವರೆಲ್ಲ ಬೀಳುವುದಿಲ್ಲ. ಬಿದ್ದವರಿಗೆಲ್ಲ ರಕ್ತಹೀನತೆಯೂ ಇರುವುದಿಲ್ಲ. ಅಲುಗಾಡದೆ ನಿಂತರೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆಯ ಕೆಳಭಾಗಕ್ಕೆ, ಕಾಲಿಗೆ ಇಳಿದು ನಿಲ್ಲುತ್ತದೆ. ಅದನ್ನು ಮೇಲಕ್ಕೆ ದೂಡುವುದು ಮೀನಖಂಡದ ಸ್ನಾಯು. 'ಅಟೆನ್ಷನ್' ಅಂದ ಮೇಲೆ ಅದಕ್ಕೆಲ್ಲಿ ಕೆಲಸ? ಬಿಸಿಲಿಗೆ ರಕ್ತನಾಳಗಳೂ ಹಿಗ್ಗುತ್ತವೆ. ಮಿದುಳಿಗೆ ರಕ್ತ ಕಡಿಮೆಯಾಗಿ ಕಣ್ಣು ಕತ್ತಲಾಗುತ್ತದೆ. ಬಿದ್ದ ಮಗುವನ್ನು ನೆರಳಿನಲ್ಲಿ ಮಲಗಿಸಿ ಕಾಲನ್ನು ಎತ್ತರಕ್ಕಿಟ್ಟರೆ ನಿಮಿಷದೊಳಗೆ ಚೇತರಿಸಿಕೊಳ್ಳುವುದೇ ಹೆಚ್ಚು. ಎಬ್ಬಿಸಿ ಕೂರಿಸಿದರೆ ಮತ್ತೆ ಬೀಳುತ್ತದೆ.

ಇನ್ನು ನೀರಿನ ಮಾತು. ಎಷ್ಟೋ ಹುಡುಗಿಯರು ಬೆಳಿಗ್ಗೆ ಬಸ್ ಹತ್ತಿದವರು ಸಂಜೆ ಮನೆ ಸೇರುವವರೆಗೂ ನೀರು ಮುಟ್ಟುವುದಿಲ್ಲ. ಯಾಕೆ ಅಂತ ಹುಡುಗರನ್ನು ಕೇಳಬೇಡಿ, ಹೆಡ್‌ಮಾಸ್ಟರನ್ನೂ ಕೇಳಬೇಡಿ, ಹೋಗಿ ಶೌಚಾಲಯ ನೋಡಿ. ಬಾಗಿಲಿದ್ದರೆ ಚಿಲಕವಿಲ್ಲ, ಚಿಲಕವಿದ್ದರೆ ನೀರಿಲ್ಲ, ಎರಡೂ ಇದ್ದರೆ ಹೊರಗಿನಿಂದ ಬೀಗ. ಮುಟ್ಟಿನ ದಿನಗಳಲ್ಲಂತೂ ಗಂಟಲು ಒಣಗಿದರೂ ಕುಡಿಯುವುದಿಲ್ಲ. ನೀರು ಕಡಿಮೆಯಾದ ಮೈಯಲ್ಲಿ ರಕ್ತದೊತ್ತಡ ಇಳಿಯುತ್ತದೆ, ಎದ್ದು ನಿಂತರೆ ತಲೆ ಗಿರ್ರನ್ನುತ್ತದೆ. ಇದಕ್ಕೆ ಡಾಕ್ಟರ ಚೀಟಿ ಬೇಕಿಲ್ಲ, ಪಂಚಾಯ್ತಿಯ ಒಂದು ನಲ್ಲಿ ಸಾಕು.

ಹುಡುಗರ ಕಥೆ ಬೇರೆ. ರಾತ್ರಿ ಒಂದರವರೆಗೆ ಮೊಬೈಲು, ಬೆಳಿಗ್ಗೆ ತಿಂಡಿಗೆ ಚಕ್ಕರ್.

ಎಲ್ಲವನ್ನೂ ಹೊಟ್ಟೆಯ ಲೆಕ್ಕಕ್ಕೆ ಬರೆಯುವಂತಿಲ್ಲ ಎಂಬುದೂ ಗೊತ್ತಿರಲಿ. ಓಡುತ್ತಿರುವಾಗಲೇ ಬಿದ್ದರೆ, ಬೀಳುವ ಮುಂಚೆ ಎದೆ ಡವಡವ ಎಂದು ಹೊಡೆದುಕೊಂಡರೆ, ಮನೆತನದಲ್ಲಿ ಯಾರಾದರೂ ಎಳೆ ವಯಸ್ಸಿನಲ್ಲೇ ದಿಢೀರನೆ ತೀರಿಕೊಂಡಿದ್ದರೆ ದೃಷ್ಟಿ ತೆಗೆಯುತ್ತಾ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು. ಸುತ್ತಲಿನ ಕೋಣೆಯೇ ಬುಗುರಿಯಂತೆ ತಿರುಗಿ ಕಿವಿ ಗುಂಯ್‌ಗುಡುತ್ತಿದ್ದರೆ ತಪ್ಪು ಕಿವಿಯದ್ದಿರಬಹುದು. ಉಳಿದವರಿಗೆ ಮೊದಲು ಒಂದು ಹಿಮೋಗ್ಲೋಬಿನ್ ಪರೀಕ್ಷೆ. ಹುಡುಗಿಯರಲ್ಲಿ 12 ಗ್ರಾಂಗಿಂತ ಕೆಳಗಿದ್ದರೆ ಅದು ರಕ್ತಹೀನತೆಯೇ. ಆಗ ವಾರಕ್ಕೊಂದು ಮಾತ್ರೆ ಸಾಲದು, ಡಾಕ್ಟರು ಹೇಳಿದಂತೆ ದಿನವೂ ನುಂಗಬೇಕು.

ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗುವ ಪೋಷಕರು ಬಿಸ್ಕತ್ತು ತಿಂದು ಸಹಿ ಹಾಕಿ ಬರುವ ಬದಲು ಮಾತ್ರೆ ರಿಜಿಸ್ಟರನ್ನು ಮೇಜಿನ ಮೇಲೆ ತರಿಸಲಿ. ಹಾಗೆಯೇ ಹುಡುಗಿಯರ ಶೌಚಾಲಯದ ಬೀಗದಕೈ ಯಾರ ಹತ್ತಿರ ಇರುತ್ತದೆ ಎಂದೂ ಕೇಳಲಿ. ಅತಿಥಿ ಮಹಾಶಯರಿಗೆ ಎಂಟು ಗಂಟೆ ಎಂದು ಹೇಳಿದ್ದರೆ, ಎಂಟೂಕಾಲಿಗೆ ಹೆಡ್‌ಮಾಸ್ಟರೇ ಧ್ವಜ ಹಾರಿಸಿ ಮಕ್ಕಳನ್ನು ನೆರಳಿಗೆ ಕಳಿಸಲಿ.