ನಕ್ಷೆ ಮುಚ್ಚಿಟ್ಟರೆ ಗುಡ್ಡ ನಿಂತೀತೇ?

ಮಳೆಗಾಲ ಬಂತೆಂದರೆ ಮುಂಬಯಿಯ ನಮ್ಮ ಮನೆಗಳಲ್ಲಿ ಊರಿನ ಮಾತು ಹೆಚ್ಚುತ್ತದೆ. ಘಟ್ಟದಲ್ಲಿ ರಸ್ತೆ ಬಂದಾಗಿದೆಯಂತೆ, ಎಲ್ಲಿಯೋ ಗುಡ್ಡ ಜರಿಯಿತಂತೆ. ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಊರಿಗೆ ಫೋನು ಮಾಡಿ ಕ್ಷೇಮ ವಿಚಾರಿಸುತ್ತೇವೆ. ನಾಲ್ಕು ದಿನ ಮರುಗುತ್ತೇವೆ, ಪರಿಹಾರ ನಿಧಿಗೆ ಕೈಲಾದಷ್ಟು ಕೊಡುತ್ತೇವೆ, ಚೌತಿಯ ಹೊತ್ತಿಗೆ ಮರೆತುಬಿಡುತ್ತೇವೆ. ಇಷ್ಟಕ್ಕೆ ನಮ್ಮ ಕರ್ತವ್ಯ ಮುಗಿಯಿತೇ? ಮುಗಿಯಲಿಲ್ಲ ಎಂದು ಹೇಳುವುದಕ್ಕೇ ಈ ಬರಹ. ಇದರಲ್ಲಿ ಕಟುವಾದ ಮಾತು ಬಂದರೆ ಬಾಂಧವರು ಕ್ಷಮಿಸಬೇಕು. ಅದು ಮೊದಲು ತಗಲುವುದು ನಮಗೇ.

ನೆನಪು ಮಾಡಿಕೊಳ್ಳೋಣ. ೨೦೧೮ರ ಆಗಸ್ಟಿನಲ್ಲಿ ಕೊಡಗು ಜರಿಯಿತು. ೨೦೨೦ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿಯಾಯಿತು. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ, ಚಹದಂಗಡಿಯನ್ನೂ ನೂಕಿಕೊಂಡು ಗಂಗಾವಳಿ ನದಿಗೆ ಇಳಿಯಿತು. ಅದೇ ಜುಲೈ ೩೦ರಂದು ವಯನಾಡಿನಲ್ಲಿ ೨೫೦ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಸರಿಯಾಗಿ ಹತ್ತು ವರ್ಷ ಹಿಂದೆ, ೨೦೧೪ರ ಜುಲೈ ೩೦ರಂದು, ಪುಣೆ ಜಿಲ್ಲೆಯ ಮಾಳೀಣ ಗ್ರಾಮದಲ್ಲಿ ೧೫೧ ಜನ. ಪ್ರತಿ ಸಲವೂ ಕೇಳುವ ಮಾತು ಒಂದೇ: ಕಂಡರಿಯದ ಮಳೆ, ದೇವರ ಮುನಿಸು.

ದೇವರನ್ನು ಸ್ವಲ್ಪ ಬದಿಗಿರಿಸೋಣ. ನಮ್ಮ ಕರಾವಳಿಯಲ್ಲಿ ಮೇಲೆ ಮುರಕಲ್ಲು, ಅದರಡಿ ಶೇಡಿ ಮಣ್ಣು. ಮುರಕಲ್ಲಿನ ತೂತುಗಳಿಂದ ಇಳಿದ ಮಳೆನೀರು ಶೇಡಿಗೆ ಸೇರುತ್ತದೆ. ಒಣಗಿದಾಗ ಗಟ್ಟಿಯಾಗಿರುವ ಶೇಡಿ ನೆನೆದರೆ ಬೆಣ್ಣೆ. ಗುಡ್ಡದ ಬುಡ ಭದ್ರವಾಗಿದ್ದರೆ ಮೇಲಿನ ಭಾರ ಆಗಲೂ ನಿಂತೀತು. ಆ ಬುಡವನ್ನೇ ಗೋಡೆಯಂತೆ ನೆಟ್ಟಗೆ ಕಡಿದರೆ ಯಾವ ಆಧಾರದ ಮೇಲೆ ನಿಲ್ಲಬೇಕು? ಕೊಡಗಿನ ಅನಾಹುತವಾದ ಮೇಲೆ ಪರಿಶೀಲನೆಗೆ ಬಂದ ಕೇಂದ್ರದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯವರು ಬೆರಳು ತೋರಿಸಿದ್ದೂ ಇದಕ್ಕೇ: ರಸ್ತೆಗಾಗಿ, ಮನೆಗಾಗಿ ಇಳಿಜಾರನ್ನು ಕಡಿದದ್ದು.

ಇದೇ ಇಲಾಖೆ ೨೦೧೪ರಲ್ಲಿ ದೇಶದ ಗುಡ್ಡಗಾಡುಗಳ ಭೂಕುಸಿತದ ನಕ್ಷೆ ಮಾಡುವ ಕೆಲಸ ಆರಂಭಿಸಿತು. ಸುಮಾರು ೪.೩ ಲಕ್ಷ ಚದರ ಕಿಲೋಮೀಟರ್ ಪ್ರದೇಶದ ನಕ್ಷೆಯಾಗಿದೆ. ಪಶ್ಚಿಮ ಘಟ್ಟವೂ ಅದರಲ್ಲಿದೆ. ಇಳಿಜಾರು ಎಷ್ಟು, ಮಣ್ಣು ಎಂಥದು, ನೀರು ಹರಿಯುವುದೆಲ್ಲಿ, ಹಿಂದೆ ಜರಿದದ್ದೆಲ್ಲಿ ಎಂಬುದನ್ನೆಲ್ಲ ತೂಗಿ ನೆಲವನ್ನು ಹೆಚ್ಚು, ಮಧ್ಯಮ, ಕಡಿಮೆ ಎಂದು ಮೂರು ಬಗೆ ಮಾಡಿದ್ದಾರೆ. ಇಲಾಖೆಯ 'ಭೂಕೋಶ' ತಾಣದಲ್ಲಿ ಕಾಸು ಕೊಡದೆ ನೋಡಬಹುದು.

ಆದರೆ ಹಳ್ಳಿಯಲ್ಲಿ ಮನೆ ಕಟ್ಟಲು ಅನುಮತಿ ಕೊಡುವವರು ಭೂವಿಜ್ಞಾನಿಗಳಲ್ಲ, ಗ್ರಾಮ ಪಂಚಾಯಿತಿಯವರು. ನಕ್ಷೆ ಒಂದು ಕಡೆ, ಅರ್ಜಿ ಇನ್ನೊಂದು ಕಡೆ. ಇಪ್ಪತ್ತು ವರ್ಷ ಆವಕ-ಜಾವಕದ ಪುಸ್ತಕ ಬರೆದ ನಮಗೆ ಒಂದು ಮಾತು ಚೆನ್ನಾಗಿ ಗೊತ್ತು: ಕಡತಕ್ಕೆ ಸೇರದ ಕಾಗದ, ಸರಕಾರದ ಪಾಲಿಗೆ ಹುಟ್ಟದೇ ಇದ್ದ ಕಾಗದ.

ಈಗ ನಮ್ಮ ಮನೆಯ ಕಥೆ. ನಿವೃತ್ತರಾದ ಮೇಲೆ ಇರಲೆಂದು ನಾವು ಅಣ್ಣತಮ್ಮಂದಿರು ಘಟ್ಟದ ಬುಡದ ಊರಿನಲ್ಲಿ ಮನೆ ಕಟ್ಟಿಸಿದೆವು. ಅಂಗಳ ದೊಡ್ಡದಾಗಲೆಂದು ಹಿಂದಿನ ಗುಡ್ಡವನ್ನು ಜೆಸಿಬಿ ತರಿಸಿ ಎರಡಾಳೆತ್ತರ ಕಡಿಸಿದೆವು. ಅನುಮತಿಯ ಅರ್ಜಿಯಲ್ಲಿ ಗುಡ್ಡದ ಸುದ್ದಿಯನ್ನು ಯಾರೂ ಕೇಳಲಿಲ್ಲ; ನಾವೂ ಹೇಳಲಿಲ್ಲ. ಬಿ.ಎಸ್‌ಸಿ.ಯಲ್ಲಿ ಭೂಗರ್ಭಶಾಸ್ತ್ರ ಓದಿದ್ದು ಆ ದಿನ ನೆನಪಿಗೆ ಬರಲಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಆ ದರೆ ಕುಸಿದು ಅಡುಗೆಮನೆಯ ಹಿಂಗೋಡೆಗೆ ಬಂದು ನಿಂತಿತು. ಒಳಗೆ ಮಲಗಿದ್ದವರು ಯಾರು? ನಾವಲ್ಲ, ಮನೆ ಕಾಯುವವನು, ಅವನ ಹೆಂಡತಿ, ಎರಡು ಮಕ್ಕಳು. ಅವರು ಉಳಿದದ್ದು ಅವರ ಪುಣ್ಯ, ನಮ್ಮ ಜಾಣತನವಲ್ಲ. ಆಮೇಲೆ ನಕ್ಷೆ ತೆಗೆದು ನೋಡಿದರೆ ನಮ್ಮ ಗುಡ್ಡಕ್ಕೆ 'ಹೆಚ್ಚು' ಎಂಬ ಬಣ್ಣವೇ ಬಳಿದಿತ್ತು.

ಇದಕ್ಕಿಂತ ನಾಚಿಕೆಯ ಸಂಗತಿ ಮುಂದಿದೆ. ಊರಿನಲ್ಲೇ ತೋಟ ಮಾಡಿಕೊಂಡಿರುವ ಚಿಕ್ಕಪ್ಪನ ಮಗ, ಈ ನಕ್ಷೆಯನ್ನು ಪಂಚಾಯಿತಿ ಒಪ್ಪಿಕೊಂಡು ಅನುಮತಿಗೆ ಜೋಡಿಸಬೇಕೆಂದು ಗ್ರಾಮಸಭೆಯಲ್ಲಿ ಎತ್ತುವವನಿದ್ದ. ಮುಂಬಯಿಯಿಂದ ನಮ್ಮ ಮನೆಯ ಫೋನು ಹೋಯಿತು: "ತಮ್ಮಾ, ಅದನ್ನೆಲ್ಲ ಈಗ ಎತ್ತಬೇಡ. ಪಕ್ಕದ ಜಾಗ ಮಾರುವ ಮಾತು ನಡೆದಿದೆ." ಅವನು ಸುಮ್ಮನಾದ. ಇಂಥ ಫೋನು ನಮ್ಮದೊಂದೇ ಆಗಿರಲಾರದು. ಊರಿನಲ್ಲಿ ಜಾಗವಿದ್ದು ಊರಿನಲ್ಲಿ ವಾಸವಿಲ್ಲದ ನಮ್ಮಂಥವರಿಗೆ ನಕ್ಷೆ ಎಂದರೆ ಮೊದಲು ಕಾಣುವುದು ಬೆಲೆ, ಜೀವವಲ್ಲ.

ಈ ಜಗಳ ನಮ್ಮಲ್ಲಿ ಮಾತ್ರವಲ್ಲ. ಮಕ್ಕಳು ಅಮೆರಿಕದಲ್ಲಿರುವ ಮನೆಗಳು ನಮ್ಮ ಸಂಘದಲ್ಲಿ ಬೇಕಾದಷ್ಟಿವೆ. ಕ್ಯಾಲಿಫೋರ್ನಿಯಾದ ಮಕ್ಕಳನ್ನು ಕೇಳಿ. ಅಲ್ಲಿ ಜರಿಯುವ ಗುಡ್ಡಕ್ಕಿಂತ ಉರಿಯುವ ಗುಡ್ಡದ ಭಯ ದೊಡ್ಡದು. ೧೯೯೧ರಲ್ಲಿ ಓಕ್ಲೆಂಡ್ ಗುಡ್ಡಗಳ ಬೆಂಕಿಯಲ್ಲಿ ೨೫ ಜನ ಸತ್ತ ಮೇಲೆ, ೧೯೯೨ರಲ್ಲಿ ಕಾನೂನು ಬಂತು: ರಾಜ್ಯದ ಅಗ್ನಿಶಾಮಕ ಇಲಾಖೆ ಕಾಡ್ಗಿಚ್ಚಿನ ಅಪಾಯದ ವಲಯಗಳನ್ನು ಗುರುತಿಸಬೇಕು, ಊರಿನ ಆಡಳಿತ ಅದನ್ನು ತನ್ನ ಕಾಯಿದೆಯಾಗಿ ಅಂಗೀಕರಿಸಬೇಕು. ೨೦೨೫ರಲ್ಲಿ ಹೊಸ ನಕ್ಷೆಗಳು ಬಂದಾಗ ಅಂಗೀಕಾರಕ್ಕೆ ೧೨೦ ದಿನಗಳ ಗಡುವು. ಅಪಾಯದ ವಲಯವನ್ನು ಊರಿನವರು ಹಿಗ್ಗಿಸಬಹುದು, ಕುಗ್ಗಿಸುವಂತಿಲ್ಲ. ಮನೆ ಮಾರುವವನು ಕೊಳ್ಳುವವನಿಗೆ ವಲಯವನ್ನು ತಿಳಿಸಲೇಬೇಕು.

ಅದರ ನೆರೆಯ ಒರೆಗಾನ್ ರಾಜ್ಯ ಮಾಡಿದ್ದು ಬೇರೆ. ೨೦೨೦ರ ಬೆಂಕಿಯಲ್ಲಿ ಸಾವಿರಾರು ಮನೆ ಕಳೆದುಕೊಂಡು ೨೦೨೧ರಲ್ಲಿ ನಕ್ಷೆಗಾಗಿ ಕಾನೂನು ಮಾಡಿತು. ೨೦೨೨ರಲ್ಲಿ ನಕ್ಷೆ ಹೊರಬಿತ್ತು, ವಿಮೆಯ ಕಂತು ಏರೀತು, ಆಸ್ತಿಯ ಬೆಲೆ ಇಳಿದೀತು ಎಂದು ಜನ ಸಿಡಿದೆದ್ದರು, ನಕ್ಷೆಯನ್ನು ಹಿಂತೆಗೆದರು. ತಿದ್ದಿದ ನಕ್ಷೆ ೨೦೨೫ರ ಜನವರಿಯಲ್ಲಿ ಬಂತು. ಅದೇ ವರ್ಷ ಶಾಸನಸಭೆ ಅದನ್ನೂ ರದ್ದು ಮಾಡಿತು. ನಕ್ಷೆ ರದ್ದಾಯಿತು ನಿಜ. ಕಾಡು ಒಣಗುವುದು ರದ್ದಾಯಿತೇ?

"ನಕ್ಷೆಯೇ ತಪ್ಪಿದ್ದರೆ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಭೂಕುಸಿತದ ನಕ್ಷೆಯ ಅಳತೆ ೧:೫೦,೦೦೦. ಎಂದರೆ ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಐವತ್ತು ಮೀಟರ್. ಇಂಥವರ ಮನೆ ಉಳಿಯುತ್ತದೆ, ಇಂಥವರದು ಬೀಳುತ್ತದೆ ಎಂದು ಅದು ಹೇಳಲಾರದು. ಹಾಗೆಂದು ನಕ್ಷೆ ಯಾವಾಗಲೂ ಅಪಾಯವನ್ನು ದೊಡ್ಡದು ಮಾಡಿಯೇ ತೋರಿಸುತ್ತದೆಂದು ತಿಳಿಯಬಾರದು. ೨೦೨೫ರ ಜನವರಿಯಲ್ಲಿ ಲಾಸ್ ಏಂಜಲೀಸ್ ಬಳಿಯ ಆಲ್ಟಡೀನಾ ಸುಟ್ಟಾಗ, ಬೂದಿಯಾದ ಎಷ್ಟೋ ಮನೆಗಳು ಹಳೆಯ ನಕ್ಷೆಯ ಅತ್ಯಪಾಯದ ವಲಯದ ಹೊರಗಿದ್ದವು. ನಕ್ಷೆಯಲ್ಲಿ ತಪ್ಪಿದ್ದರೆ ಸ್ಥಳಕ್ಕೆ ಹೋಗಿ ನೋಡಿ ತಿದ್ದಬೇಕು. ಜ್ವರಮಾಪಕ ಅರ್ಧ ಡಿಗ್ರಿ ತಪ್ಪು ತೋರಿಸಿತೆಂದು ಜ್ವರವೇ ಇಲ್ಲವೆನ್ನುವ ವೈದ್ಯರುಂಟೇ?

ಊರಿನ ಜನ ನಕ್ಷೆಗೆ ಹೆದರುವುದರಲ್ಲಿ ಸರಕಾರದ ತಪ್ಪೂ ಇದೆ. ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳರ ಸಮಿತಿ ೨೦೧೧ರಲ್ಲಿ ಕೊಟ್ಟ ವರದಿಯನ್ನು ಕೇಂದ್ರ ಸಚಿವಾಲಯ ತಿಂಗಳುಗಟ್ಟಲೆ ಮುಚ್ಚಿಟ್ಟಿತು. ಮಾಹಿತಿ ಹಕ್ಕಿನ ಹೋರಾಟ ದಿಲ್ಲಿ ಹೈಕೋರ್ಟಿನವರೆಗೆ ಹೋದ ಮೇಲೆ ೨೦೧೨ರಲ್ಲಿ ಹೊರಬಂತು. ಗ್ರಾಮಸಭೆಗಳನ್ನು ಕೇಳಿ ತೀರ್ಮಾನಿಸಬೇಕೆಂದು ಹೇಳಿದ ವರದಿ ಗ್ರಾಮಸಭೆಗೆ ತಲುಪುವ ಮೊದಲೇ ಗಾಳಿಮಾತು ತಲುಪಿತ್ತು. ಕತ್ತಲಲ್ಲಿಟ್ಟರೆ ಜನ ಹೆದರದೆ ಇನ್ನೇನು ಮಾಡಿಯಾರು? ಅಪಾಯದ ವಲಯವೆಂದು ಗೆರೆ ಎಳೆದು ಗುಡ್ಡದ ಬುಡದ ಕೂಲಿಯವನನ್ನು ಎಬ್ಬಿಸಿ, ಬದಲಿ ಜಾಗ ಕೊಡದೆ ಕೈತೊಳೆದುಕೊಳ್ಳುವುದಾದರೆ ನಾವೂ ಆ ನಕ್ಷೆಯನ್ನು ವಿರೋಧಿಸುತ್ತೇವೆ. ಆದರೆ ಕೂಲಿಯವನ ಭಯವನ್ನು ಮುಂದಿಟ್ಟುಕೊಂಡು ರೆಸಾರ್ಟಿನ ಜಾಗದ ಬೆಲೆ ಕಾಯುವ ನಾಟಕ ಬೇಡ.

ನಾವು ಕೇಳುವುದು ದೊಡ್ಡದೇನಲ್ಲ. ನಕ್ಷೆಯಲ್ಲಿ ಆಯಾ ಊರಿನ ಭಾಗವನ್ನು ದೊಡ್ಡದು ಮಾಡಿ, ಕನ್ನಡದಲ್ಲಿ ಬರೆಸಿ, ಪಂಚಾಯಿತಿಯ ಗೋಡೆಗೆ ತೂಗುಹಾಕಲಿ. ಗ್ರಾಮಸಭೆಯಲ್ಲಿ ಓದಿ ಒಪ್ಪಿಕೊಳ್ಳಲಿ. ಮನೆಯ ಅರ್ಜಿಯ ಜೊತೆ ಅದರ ಪ್ರತಿ ಕಡತಕ್ಕೆ ಸೇರಲಿ. ಹೆಚ್ಚು ಅಪಾಯದ ಬಣ್ಣವಿದ್ದಲ್ಲಿ ಬಲ್ಲವರು ಬಂದು ಗುಡ್ಡ ನೋಡದೆ ಅನುಮತಿ ಬೇಡ. ಮೊದಲೇ ಅಲ್ಲಿ ನೆಲೆಸಿರುವ ಬಡವರಿಗೆ ಬದಲಿ ಜಾಗ ಸಿಗಲಿ.

ನಮ್ಮ ಸಂಘ ಪ್ರತಿ ವರ್ಷ ಪರಿಹಾರ ನಿಧಿ ಕೂಡಿಸುತ್ತದೆ, ಕೂಡಿಸಲಿ. ಆದರೆ ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಕೆಲಸಕ್ಕಿಂತ ಮೊದಲೇ ಮಾಡಬೇಕಾದ ಕೆಲಸ ಒಂದಿದೆ. ಘಟ್ಟದ ಸೀಮೆಯಲ್ಲಿ ಜಾಗವಿರುವ ಸದಸ್ಯರೆಲ್ಲ ತಮ್ಮ ತಮ್ಮ ಪಂಚಾಯಿತಿಗೆ ಸಹಿ ಹಾಕಿ ಬರೆಯಲಿ: "ಈ ನಕ್ಷೆಯನ್ನು ಅಂಗೀಕರಿಸಿರಿ, ಅದರಲ್ಲಿ ನಮ್ಮ ಜಾಗ ಯಾವ ಬಣ್ಣದಲ್ಲಿದ್ದರೂ ನಮ್ಮ ಅಭ್ಯಂತರವಿಲ್ಲ." ನಮ್ಮ ಪತ್ರ ಈ ತಿಂಗಳು ಅಂಚೆಗೆ ಹೋಗಿದೆ. ಚಿಕ್ಕಪ್ಪನ ಮಗನಿಗೆ ಮತ್ತೊಮ್ಮೆ ಫೋನು ಮಾಡಿ, ಮುಂದಿನ ಗ್ರಾಮಸಭೆಯಲ್ಲಿ ವಿಷಯ ಎತ್ತು, ನಾವೂ ಬಂದು ಕೂರುತ್ತೇವೆ ಎಂದು ಹೇಳಿದ್ದೇವೆ. ಪಕ್ಕದ ಜಾಗ ಇನ್ನೂ ಮಾರಾಟವಾಗಿಲ್ಲ. ಕೊಳ್ಳಲು ಬಂದವರಿಗೆ ನಕ್ಷೆ ತೋರಿಸಿಯೇ ಬೆಲೆ ಹೇಳುತ್ತೇವೆ.