ಜೇಬಿನ ಚಾಕುವಿಗೆ ಸರಿಯಾದ ತಿರುಪುಳಿ



ಅಂಬಾಜಿದುರ್ಗದ ತಪ್ಪಲಿನ ಹಳ್ಳಿಗಳಲ್ಲಿ ಹಲವರ ಜೇಬಿನಲ್ಲಿ ಒಂದು ಮಡಚುವ ಚಾಕು ಇದ್ದೇ ಇರುತ್ತದೆ. ಟೊಮೇಟೊ ಗಿಡಕ್ಕೆ ಕಟ್ಟುವ ದಾರ ಕತ್ತರಿಸಲು, ಗೊಬ್ಬರದ ಚೀಲದ ಬಾಯಿ ಬಿಚ್ಚಲು, ಹನಿ ನೀರಾವರಿಯ ಕೊಳವೆ ತುಂಡು ಮಾಡಲು ಅದೇ ಬೇಕು. ಇಕ್ಕಳ, ಗರಗಸ, ತಿರುಪುಳಿ ಎಲ್ಲವೂ ಒಂದೇ ಹಿಡಿಯೊಳಗೆ ಮಡಚಿಕೊಳ್ಳುವ ಉಪಕರಣಗಳೂ ಈಗ ಪೇಟೆಯಲ್ಲಿ ಸಿಗುತ್ತವೆ. ಕೊಯ್ಯುವ ಕೆಲಸಕ್ಕೆ ಇವು ಒಳ್ಳೆಯವೇ. ಆದರೆ ಸ್ಪ್ರೇಯರಿನ ಸ್ಕ್ರೂ ಸಡಿಲವಾದಾಗ, ಪಂಪಿನ ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳ ತೆಗೆಯಬೇಕಾದಾಗ ಚಾಕುವಿನ ಮೊನೆಯನ್ನೇ ತೂರಿಸಿ ತಿರುಗಿಸುವ ಅಭ್ಯಾಸವನ್ನು ಮಾತ್ರ ಬಿಡಲೇಬೇಕು.

ಇದರಿಂದಾಗುವ ನಷ್ಟ ಸಣ್ಣದಲ್ಲ. ಮೊನೆ ಮುರಿದರೆ ಚಾಕು ಕೆಟ್ಟಿತು. ಬೀಗವಿಲ್ಲದ ಚಾಕು ಒತ್ತಡಕ್ಕೆ ಮಡಚಿಕೊಂಡರೆ ಬೆರಳು ಕೊಯ್ದಿತು. ಎಲ್ಲಕ್ಕಿಂತ ಮಿಗಿಲಾಗಿ, ಸ್ಕ್ರೂವಿನ ತಲೆ ಸವೆದು ಗುಂಡಾದರೆ ಆಮೇಲೆ ಸರಿಯಾದ ತಿರುಪುಳಿ ತಂದರೂ ಅದು ಹಿಡಿಯುವುದಿಲ್ಲ. ವರ್ಷವಿಡೀ ಹರಿಯುವ ನದಿ ನಮ್ಮ ಕಡೆ ಇಲ್ಲ. ಬೆಳೆ ನಿಂತಿರುವುದು ಕೊಳವೆ ಬಾವಿಯ ಮೇಲೆ. ಮೂರು ಫೇಸ್ ವಿದ್ಯುತ್ತು ಇರುವ ಕೆಲವೇ ಗಂಟೆಗಳಲ್ಲಿ ಒಂದು ಸ್ಕ್ರೂ ಬಿಚ್ಚಲಾಗದೆ ಕುಳಿತರೆ ಅಂದಿನ ನೀರು ತಪ್ಪಿದಂತೆಯೇ.

ಚಾಕುವಿನಲ್ಲೇ ಒಂದು ತಿರುಪುಳಿ ಇದೆಯಲ್ಲ ಎಂದು ನೀವು ಕೇಳಬಹುದು. ಅದರ ತುದಿ ಸಾಮಾನ್ಯವಾಗಿ ಚಪ್ಪಟೆ. ಇಂಥ ಚಾಕುವಿನ ಮೂಲ ರೂಪ 1890ರ ದಶಕದ ಆರಂಭದಲ್ಲಿ ಸ್ವಿಟ್ಜರ್‌ಲೆಂಡಿನ ಸೈನಿಕರಿಗೆಂದು ತಯಾರಾದದ್ದು; ಬಂದೂಕು ಬಿಚ್ಚಲು ಚಪ್ಪಟೆ ತಿರುಪುಳಿ ಅವರಿಗೆ ಸಾಕಾಗಿತ್ತು. ಅಮೆರಿಕದ ಹೆನ್ರಿ ಫಿಲಿಪ್ಸ್ ಪ್ಲಸ್ ಗುರುತಿನ ಸ್ಕ್ರೂವಿಗೆ ಪೇಟೆಂಟ್ ಪಡೆದದ್ದು 1936ರಲ್ಲಿ. ನಾವು ಸ್ಟಾರ್ ಸ್ಕ್ರೂ ಎನ್ನುವ ಇದೇ ಇಂದು ಎಲ್ಲೆಲ್ಲೂ ಇದೆ. ಸ್ಕ್ರೂ ಬದಲಾಯಿತು, ಅಗ್ಗದ ಚಾಕುಗಳ ತಿರುಪುಳಿ ಹಾಗೇ ಉಳಿಯಿತು. ಈ ಕೊರತೆಯನ್ನು ನಾವೇ ಕಡಿಮೆ ಖರ್ಚಿನಲ್ಲಿ ತುಂಬಿಕೊಳ್ಳಬಹುದು.

ಮೊದಲನೆಯದು, ಇರುವ ಚಪ್ಪಟೆ ತುದಿಯನ್ನು ಸರಿಪಡಿಸುವುದು. ತುದಿ ಬೆಣೆಯಂತೆ ಚೂಪಾಗಿದ್ದರೆ ತಿರುಗಿಸಿದಾಗ ಗೀರಿನಿಂದ ಮೇಲಕ್ಕೆ ಜಾರುತ್ತದೆ. ಅರದಿಂದ ಉಜ್ಜಿ ತುದಿಯನ್ನು ನೇರವಾಗಿಯೂ, ಎರಡು ಮೈಗಳನ್ನು ಸಮಾನಾಂತರವಾಗಿಯೂ ಮಾಡಿ, ಗೀರಿನಲ್ಲಿ ಅಲುಗದೆ ಕೂರುವಷ್ಟು ದಪ್ಪ ಉಳಿಸಿ. ಅಗಲದ ಎರಡು ಮೂಲೆಗಳನ್ನು ಕೊಂಚ ಓರೆಯಾಗಿ ಉಜ್ಜಿದರೆ ಅದೇ ತುದಿ ಸ್ಟಾರ್ ಸ್ಕ್ರೂವಿನ ಎದುರುಬದುರಿನ ಎರಡು ಗೀರುಗಳಲ್ಲೂ ಕೂರುತ್ತದೆ. ನಾಲ್ಕರ ಬದಲು ಎರಡೇ ಕಡೆ ಹಿಡಿಯುವುದರಿಂದ ಹೆಚ್ಚು ಬಿಗಿಯಾದ ಸ್ಕ್ರೂವಿಗೆ ಇದು ಬೇಡ. ಅರ ಹತ್ತದೆ ಸಾಣೆ ಹಿಡಿಯಬೇಕಾದರೆ ಆಗಾಗ ನೀರಿನಲ್ಲಿ ಅದ್ದುತ್ತಿರಿ. ಉಕ್ಕು ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಹದ ಹೋಯಿತೆಂದೇ ತಿಳಿಯಿರಿ. ಆ ತುದಿ ಆಮೇಲೆ ಬಾಗುತ್ತದೆ.

ಎರಡನೆಯದೇ ನಮ್ಮ ಮಟ್ಟಿಗೆ ಉತ್ತಮ. ಹಾರ್ಡ್‌ವೇರ್ ಅಂಗಡಿಯಲ್ಲಿ ಆರು ಮೂಲೆಯ ಬಿಡಿ ಬಿಟ್ ಸಿಗುತ್ತವೆ. ಅವುಗಳ ಬುಡ 6.35 ಮಿ.ಮೀ., ಅಂದರೆ ಕಾಲು ಇಂಚು. ಸಾಮಾನ್ಯ ಕೆಲಸಕ್ಕೆ 2ನೇ ನಂಬರಿನ ಸ್ಟಾರ್ ಬಿಟ್ ಒಂದು, ಚಪ್ಪಟೆಯದೊಂದು ಸಾಕು. ಪೆಟ್ಟಿಗೆಯೊಳಗೆ ಆಳದಲ್ಲಿರುವ ಸ್ಕ್ರೂಗಳಿಗಾಗಿ 25ರ ಬದಲು 50 ಮಿ.ಮೀ. ಉದ್ದದ್ದನ್ನೇ ಕೊಳ್ಳಿ. ಬಲಿತು ಒಣಗಿದ ಜಾಲಿ ಅಥವಾ ಬೇವಿನ ಮರದ ಎಂಟು ಸೆಂ.ಮೀ. ತುಂಡಿಗೆ 7 ಮಿ.ಮೀ. ಬೈರಿಗೆಯಿಂದ ಎರಡು ಸೆಂ.ಮೀ. ಆಳ ತೂತು ಕೊರೆದು ಬಿಟ್ಟಿನ ಬುಡವನ್ನು ಮೆಲ್ಲಗೆ ಬಡಿದು ಕೂರಿಸಿ. ಬಿಟ್ಟಿನ ಆರು ಮೂಲೆಗಳು ಮರವನ್ನು ಕಚ್ಚಿಕೊಳ್ಳುತ್ತವೆ. ಮರ ಸೀಳದಂತೆ ಬಾಯಿಗೆ ಮೊದಲೇ ತಂತಿ ಬಿಗಿದು ಸುತ್ತಿರಿ. ಹಿಡಿ ದಪ್ಪವಿದ್ದಷ್ಟೂ ತಿರುಗಿಸುವ ಬಲ ಹೆಚ್ಚು. ಹಿಂದಿನ ತುದಿಗೊಂದು ತೂತು ಮಾಡಿ ಚಾಕುವಿನ ಬಳೆಗೆ ದಾರದಿಂದ ಕಟ್ಟಿದರೆ ಎರಡೂ ಜೊತೆಗೇ ಇರುತ್ತವೆ. ಇಕ್ಕಳವಿರುವ ಉಪಕರಣ ನಿಮ್ಮಲ್ಲಿದ್ದರೆ ಬಿಟ್ಟನ್ನು ಅದರ ಬಾಯಲ್ಲಿ ಹಿಡಿದೂ ತಿರುಗಿಸಬಹುದು. ಆದರೆ ಜಾರುವ ಸಂಭವ ಹೆಚ್ಚು, ತುರ್ತಿಗೆ ಮಾತ್ರ ಇರಲಿ.

ತುಕ್ಕು ಹಿಡಿದ ಸ್ಕ್ರೂವಿಗೆ ಬಲಕ್ಕಿಂತ ತಾಳ್ಮೆ ಲೇಸು. ಎರಡು ಹನಿ ಸೀಮೆಎಣ್ಣೆ ಅಥವಾ ತೆಳು ಯಂತ್ರದ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾದು, ಬಿಟ್ ಇಟ್ಟು ಮೇಲಿನಿಂದ ಒಂದೆರಡು ಏಟು ಕೊಡಿ. ಎಣ್ಣೆ ಬಿಡುವ ಈ ಕೆಲಸ ವಿದ್ಯುತ್ ಪೆಟ್ಟಿಗೆಯ ಒಳಗೆ ಸಲ್ಲದು. ತಲೆ ಕೊಂಚ ಸವೆದಿದ್ದರೆ ಹಳೆಯ ಸೈಕಲ್ ಟ್ಯೂಬಿನ ಚೂರನ್ನು ನಡುವೆ ಇಟ್ಟು, ತಿರುಗಿಸುವುದಕ್ಕಿಂತ ಒತ್ತುವುದಕ್ಕೆ ಹೆಚ್ಚು ಬಲ ಹಾಕಿ.

ಕೊನೆಯದಾಗಿ, ಪ್ರಾಣಕ್ಕೆ ಸಂಬಂಧಿಸಿದ ಮಾತು. ಜೇಬಿನ ಚಾಕುವಿನ ಮೈಯೆಲ್ಲ ಲೋಹ. ಮರದ ಹಿಡಿಯೂ ಬೆವರಿಗೆ, ಮಳೆಗೆ ನೆನೆದರೆ ವಿದ್ಯುತ್ತನ್ನು ತಡೆಯುವುದಿಲ್ಲ. ಸ್ಟಾರ್ಟರ್‌ಗೆ ಬರುವುದು ಮೂರು ಫೇಸಿನ 415 ವೋಲ್ಟ್. ಕರೆಂಟು ಹೋಗಿದೆ ಎಂಬ ಧೈರ್ಯದಿಂದ ಮುಚ್ಚಳ ತೆಗೆಯಬೇಡಿ, ಅದು ಯಾವ ಕ್ಷಣದಲ್ಲಾದರೂ ಮರಳಬಹುದು. ಆಟೋ ಸ್ಟಾರ್ಟರ್ ಇದ್ದರೆ ನಿಮ್ಮನ್ನು ಕೇಳದೆಯೇ ಮೋಟಾರು ಹೊರಡುತ್ತದೆ. ಮೊದಲು ಮೇನ್ ಸ್ವಿಚ್ ಇಳಿಸಿ, ಫ್ಯೂಸುಗಳನ್ನು ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಒಳಗಿನ ಕೆಪಾಸಿಟರ್ ಆಮೇಲೂ ವಿದ್ಯುತ್ತು ಹಿಡಿದಿಟ್ಟಿರಬಹುದು. ಒಳಗಿನ ತಂತಿಗಳ ಕೆಲಸವನ್ನು ಬಲ್ಲ ಮೆಕ್ಯಾನಿಕ್‌ಗೆ, ರಬ್ಬರ್ ಹಿಡಿಯ ಉಪಕರಣಕ್ಕೆ ಬಿಡಿ. ನಾವು ಹೇಳಿದ ತಿರುಪುಳಿ ಸ್ಪ್ರೇಯರಿಗೆ, ಮೇವು ಕತ್ತರಿಸುವ ಯಂತ್ರದ ಕವಚಕ್ಕೆ, ಬಾಗಿಲ ಚಿಲಕಕ್ಕೆ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಡ ಎನ್ನುತ್ತಾರೆ ಹಿರಿಯರು. ತಕ್ಕ ಕೆಲಸಕ್ಕೆ ತಕ್ಕ ತುದಿ ಇರಬೇಕೆಂಬುದೇ ಆ ಮಾತಿನ ಸಾರ. ಪ್ರತಿಯೊಂದು ಹಾಲು ಉತ್ಪಾದಕರ ಸಂಘವೂ ಒಂದು ಪೆಟ್ಟಿಗೆ ಬಿಟ್‌ಗಳನ್ನೂ ಒಂದು ಒಳ್ಳೆಯ ಅರವನ್ನೂ ಕೊಂಡಿಟ್ಟು, ಪುಸ್ತಕದಲ್ಲಿ ಬರೆದುಕೊಂಡು ಸದಸ್ಯರಿಗೆ ಎರವಲು ಕೊಟ್ಟರೆ ಊರಿನವರೆಲ್ಲರಿಗೂ ಅನುಕೂಲ. ಈ ವಿಷಯವನ್ನು ಮುಂದಿನ ಸಭೆಯಲ್ಲಿ ಎತ್ತಿರಿ.