ವಾಲ್ವ್ ಪೆಟ್ಟಿಗೆ ಗುಜರಿಗೆ ಹೋಗುವ ಮುನ್ನ

ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಚಿಂತಾಕಿಯಲ್ಲಿ ಪರಿಚಿತರೊಬ್ಬರ ಮನೆಗೆ ಇತ್ತೀಚೆಗೆ ಹೋಗಿದ್ದೆ. ಎಂಜಿನಿಯರಿಂಗ್ ಓದುತ್ತಿರುವ ಅವರ ಮೊಮ್ಮಗ ಅಟ್ಟದಿಂದ ಒಂದು ಕಬ್ಬಿಣದ ಪೆಟ್ಟಿಗೆಯನ್ನು ಇಳಿಸಿಟ್ಟುಕೊಂಡಿದ್ದ. ಒಂದು ಕಾಲಕ್ಕೆ ಊರಿನ ಭಜನೆಗೂ ಜಾತ್ರೆಗೂ ದನಿ ಕೊಟ್ಟ ವಾಲ್ವ್ ಆಂಪ್ಲಿಫೈಯರ್ ಅದು. ಅದಕ್ಕೆ ತನ್ನ ಎಲೆಕ್ಟ್ರಿಕ್ ಗಿಟಾರ್ ಜೋಡಿಸಬೇಕೆಂಬುದು ಹುಡುಗನ ಆಸೆ. ಆಸೆಯೇನೂ ವಿಚಿತ್ರವಲ್ಲ, ಗಿಟಾರಿನ ಆಂಪ್ಲಿಫೈಯರಿಗೂ ಸಭೆಯ ಧ್ವನಿವರ್ಧಕಕ್ಕೂ ಒಳಗಿನ ಮಂಡಲ ಬಹುಮಟ್ಟಿಗೆ ಒಂದೇ. ವಾಲ್ವಿನ ದನಿಗಾಗಿ ಹೊರದೇಶಗಳಲ್ಲಿ ಇಂದಿಗೂ ದುಬಾರಿ ಬೆಲೆ ತೆರುವವರಿದ್ದಾರೆ. ಆದರೆ ಅವನು ಪ್ಲಗ್ಗನ್ನು ಗೋಡೆಗೆ ಚುಚ್ಚಲು ಹೊರಟಾಗ ನಾನು ಕೈ ಹಿಡಿದು ತಡೆಯಬೇಕಾಯಿತು.

ಇಂತಹ ಪೆಟ್ಟಿಗೆಯೊಳಗೆ 250ರಿಂದ 450 ವೋಲ್ಟ್‌ಗಳಷ್ಟು ಏಕಮುಖ ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ನಂತರವೂ ಫಿಲ್ಟರ್ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ಆದ್ದರಿಂದ ಮುಟ್ಟುವ ಮೊದಲು ಮಲ್ಟಿಮೀಟರಿನಿಂದ ಅಳೆದು, ಕೆಲವು ಕಿಲೋಓಮ್‌ಗಳ ರೆಸಿಸ್ಟರ್ ಮೂಲಕ ಬರಿದುಮಾಡಿ, ಮತ್ತೊಮ್ಮೆ ಅಳೆಯಬೇಕು. ದಶಕಗಳ ಕಾಲ ಮಲಗಿದ್ದ ಈ ಕೆಪಾಸಿಟರುಗಳು ಒಳಗೇ ಒಣಗಿರುತ್ತವೆ. ಒಮ್ಮೆಗೇ ಪೂರ್ಣ ವಿದ್ಯುತ್ ಕೊಟ್ಟರೆ ಸಿಡಿಯಲೂಬಹುದು. ಹಳೆಯ ರೇಡಿಯೋ ಮೆಕ್ಯಾನಿಕರು ಇದಕ್ಕೆ ಸರಳ ಉಪಾಯ ಕಂಡುಕೊಂಡಿದ್ದರು: ಪೆಟ್ಟಿಗೆಗೆ ಹೋಗುವ ತಂತಿಯ ಸರಣಿಯಲ್ಲಿ 60 ಅಥವಾ 100 ವ್ಯಾಟಿನ ಹಳೆಯ ತಂತಿಬಲ್ಬು. ಬಲ್ಬು ಕ್ಷಣಕಾಲ ಹೊತ್ತಿ ಮಂಕಾದರೆ ಮುಂದುವರಿಯಬಹುದು. ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆಯೆಂದು ಅರ್ಥ.

ಅನಂತರದ ಪರೀಕ್ಷೆ ಒಂದು ವಾಲ್ವಿನಿಂದ ಮತ್ತೊಂದಕ್ಕೆ ಸಂಕೇತ ದಾಟಿಸುವ ಕಪ್ಲಿಂಗ್ ಕೆಪಾಸಿಟರಿನದು. ಅದು ಸೋರಿದರೆ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಧನ ವೋಲ್ಟೇಜ್ ನುಗ್ಗಿ, ವಾಲ್ವು ಮಿತಿಮೀರಿ ವಿದ್ಯುತ್ ಸೆಳೆದು, ಆನೋಡ್ ಕೆಂಪಗೆ ಕಾಯುತ್ತದೆ. ಅದರ ಬೆನ್ನಿಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಸುಡುತ್ತದೆ. ಕೆಲವೇ ರೂಪಾಯಿಗಳ ಬಿಡಿಭಾಗ ಇಡೀ ಯಂತ್ರವನ್ನು ಬಲಿಗೊಡುವ ಬಗೆ ಇದು. ಓಮನ ನಿಯಮ ತಿಳಿದವರಿಗೆ ಉಳಿದದ್ದು ಬರಿಯ ಲೆಕ್ಕಾಚಾರ: ಇಎಲ್ 84 ವಾಲ್ವಿನ ಕ್ಯಾಥೋಡಿನಲ್ಲಿರುವ 130 ಓಮ್ ರೆಸಿಸ್ಟರಿನ ಮೇಲೆ 6.5 ವೋಲ್ಟ್ ಕಂಡರೆ ಹರಿಯುತ್ತಿರುವುದು 50 ಮಿಲಿಆಂಪಿಯರ್. ಸ್ಪೀಕರ್ ಕಳಚಿಟ್ಟು ವಾಲ್ವ್ ಆಂಪ್ಲಿಫೈಯರನ್ನು ನುಡಿಸಬಾರದೆಂಬುದನ್ನೂ ಅನೇಕರು ಅರಿಯರು.

ಈ ವಿದ್ಯೆ ನಮಗೆ ಪರಕೀಯವಾಗಿರಲಿಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿಯೇ ಫಿಲಿಪ್ಸ್ ಸಹಯೋಗದೊಡನೆ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭಿಸಿತ್ತು. ಅದು ನಿಂತು ಬಹುಕಾಲವಾಯಿತು. ಇಂದು ವಾಲ್ವ್ ಬೇಕಾದವರು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳತ್ತ ನೋಡಬೇಕು. 2022ರ ಮಾರ್ಚ್‌ನಲ್ಲಿ, ಉಕ್ರೇನ್ ಯುದ್ಧದ ಬೆನ್ನಲ್ಲೇ, ರಷ್ಯಾದ ರಫ್ತು ನಿರ್ಬಂಧದ ಸುದ್ದಿಗೆ ಜಗತ್ತಿನ ಗಿಟಾರ್ ವಾದಕರೆಲ್ಲ ಗಾಬರಿಗೊಂಡಿದ್ದರು. ಪೂರೈಕೆ ಮೂರು ಬಾಗಿಲುಗಳಿಗೆ ಸೀಮಿತವಾದಾಗ ಬೆಲೆ ಏನಾಗುವುದೆಂದು ಅರ್ಥಶಾಸ್ತ್ರ ಓದಿಯೇ ತಿಳಿಯಬೇಕಾಗಿಲ್ಲ.

ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ‘ನಿರುಪಯುಕ್ತ ವಸ್ತುಗಳ ಪಟ್ಟಿ’ಯ ಪರಿಚಯವಿರುತ್ತದೆ. ಅಂತಹ ಪಟ್ಟಿಗಳಿಗೆ ನಾನೂ ಸಹಿ ಹಾಕಿದ್ದೇನೆ. ಸವಕಳಿ ಕಳೆದು ಪುಸ್ತಕದಲ್ಲಿ ಬೆಲೆ ಸೊನ್ನೆಯಾದೊಡನೆ, ರಿಪೇರಿಗೆ ಎಷ್ಟಾಗಬಹುದೆಂದು ಕೇಳದೆ, ತಾಮ್ರದ ತೂಕಕ್ಕೆ ಹರಾಜು ಹಾಕಿದೆವು. ಆ ರಾಶಿಯಲ್ಲಿ ಒಂದೆರಡು ಕೆಪಾಸಿಟರ್ ಬದಲಿಸಿದರೆ ಮಾತಾಡಬಲ್ಲ ಯಂತ್ರಗಳೆಷ್ಟಿದ್ದವೋ!

ಧೋರಣೆ ಇಂದಿಗೂ ಹೆಚ್ಚು ಬದಲಾಗಿಲ್ಲ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ತಯಾರಕರ ಹೊಣೆಯನ್ನು ಮುಖ್ಯವಾಗಿ ಮರುಬಳಕೆಯ ತೂಕದಲ್ಲಿಯೇ ಅಳೆಯುತ್ತವೆ. ನವೀಕರಣಕ್ಕಿರುವ ಮನ್ನಣೆ ಆ ಹೊಣೆಯನ್ನು ಮುಂದೂಡುವ ಮಟ್ಟಿನದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕು’ ಪೋರ್ಟಲ್ ತೆರೆದದ್ದು ಸ್ವಾಗತಾರ್ಹವೇ. ಆದರೆ ಮಂಡಲದ ನಕ್ಷೆಯಿಲ್ಲದ ಹಕ್ಕಿನಿಂದ ಏನು ಪ್ರಯೋಜನ? ಹಿಂದೆ ಎಷ್ಟೋ ಯಂತ್ರಗಳ ಒಳಬದಿಗೆ ವಾಲ್ವುಗಳ ಸ್ಥಾನ ತೋರಿಸುವ ಚೀಟಿಯನ್ನೇ ಅಂಟಿಸಿರುತ್ತಿದ್ದರು. ಇಂದು ಸಾವಿರಾರು ರೂಪಾಯಿಗಳ ಉಪಕರಣ ಕೊಂಡವನಿಗೂ ನಕ್ಷೆ ದೊರೆಯದು. ನಕ್ಷೆಯ ಪ್ರಕಟಣೆಯನ್ನು ಕಡ್ಡಾಯಗೊಳಿಸಬೇಕು. ತಾಲ್ಲೂಕು ಐಟಿಐಗಳಲ್ಲಿ ದೋಷ ಹುಡುಕುವ ವಿದ್ಯೆಗೆ ಬೋರ್ಡನ್ನೇ ಬದಲಿಸುವ ಕೆಲಸಕ್ಕಿಂತ ಹೆಚ್ಚಿನ ಸಮಯ ಕೊಡಬೇಕು. ಔರಾದಿನಂತಹ ಕಡೆ ಒಂದು ಯಂತ್ರ ಕೆಟ್ಟರೆ ಅದನ್ನು ಹೊತ್ತು ಬೀದರಿಗೋ ಹೈದರಾಬಾದಿಗೋ ಹೋಗುವ ಖರ್ಚನ್ನು ಯಾವ ಕಂಪನಿಯೂ ಲೆಕ್ಕ ಹಿಡಿಯುವುದಿಲ್ಲ.

ಚಿಂತಾಕಿಯ ಹುಡುಗ ಫಿಲ್ಟರ್ ಕೆಪಾಸಿಟರುಗಳನ್ನು ಬದಲಿಸಿ, ಸಾಕೆಟ್ಟುಗಳನ್ನು ಶುಚಿಮಾಡಿದ್ದಾನೆ. ಬಲ್ಬು ಮಂಕಾಯಿತೆಂದು ಫೋನ್ ಮಾಡಿ ಹೇಳಿದ. ಪೆಟ್ಟಿಗೆಗೆ ಇರುವುದು ಇನ್ನೂ ಹಳೆಯ ಎರಡು ಎಳೆಯ ತಂತಿಯೇ. ಗಿಟಾರಿನ ಲೋಹದ ತಂತಿಗಳು ಕೇಬಲ್ ಮೂಲಕ ಅದೇ ಕಬ್ಬಿಣದ ಚಾಸಿಗೆ ಕೂಡುತ್ತವೆ. ಮೂರು ಪಿನ್ನಿನ ಪ್ಲಗ್ ಹಾಕಿಸಿ, ಮನೆಯ ಅರ್ತಿಂಗ್ ಸರಿಯಿದೆಯೇ ಎಂದು ಪರೀಕ್ಷಿಸುವ ತನಕ ಗಿಟಾರ್ ಜೋಡಿಸಬೇಡವೆಂದು ಹೇಳಿದ್ದೇನೆ.